ಕಂಬಕ್ಕೆ ಹೇಳುವ ಮಾತು

ಮೇಘಶ್ರೀ ಬಂದಾಗ ನಾನು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಬಿಳಿ ಬಟ್ಟೆಯಲ್ಲೇ ಇದ್ದಳು. ಮಣೆ ಕೊಡುತ್ತೇನೆ ಅಂದರೂ ಕೇಳದೆ ನೆಲದ ಮೇಲೆ ಕೂತು, ಮೊರಕ್ಕೆ ಕೈ ಹಾಕಿ ತಾನೂ ಕಾಯಿ ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತದೆ ಹೇಳಿದಳು:

"ಅಜ್ಜಿ, ನೀವು ಒಂದಿನ ರೋಗಿ ಆಗ್ಬೇಕು."

"ಅದಕ್ಕೆ ನೀನು ಬಂದು ಕೇಳ್ಬೇಕೇನೇ? ಈ ವಯಸ್ಸಿಗೆ ದಿನಾ ಆಗೇ ಇರ್ತೀನಿ" ಅಂದೆ.

ಅವಳು ನಗಲಿಲ್ಲ.

ಅರಸೀಕೆರೆಯಲ್ಲಿ ತೆಂಗಿನಕಾಯಿ ಮಂಡಿಯವರು ಸೇರಿ ಕಟ್ಟಿಸಿದ ಆಸ್ಪತ್ರೆಯೊಂದಿದೆ. ಬೋರ್ಡಿನಲ್ಲಿ ಏನೇ ಬರೆದಿರಲಿ, ಜನ ಮಂಡಿ ಆಸ್ಪತ್ರೆ ಅಂತಲೇ ಕರೆಯುವುದು. ಅದರ ತುರ್ತು ವಾರ್ಡಿನಲ್ಲಿ ಮೇಘಶ್ರೀ ನರ್ಸು. ಅದೇ ವಾರ್ಡಿನಲ್ಲಿ ನಾನು ಆಯಾ ಆಗಿದ್ದವಳು. ಕೂದಲು ಕಪ್ಪಗಿದ್ದಾಗ ಸೇರಿ, ಬೆಳ್ಳಗಾದ ಮೇಲೆ ಬಿಟ್ಟೆ. ಕೊನೆಯ ಕೆಲವು ವರ್ಷ ಇವಳ ಜೊತೆಗೇ ದುಡಿದಿದ್ದೇನೆ.

ಅವಳು ಹೇಳಿದ ವಿಷಯ ಇಷ್ಟು. ಬೆಂಗಳೂರಿನಿಂದ ತರಬೇತಿಯವರು ಬಂದು ತುರ್ತು ವಾರ್ಡಿನವರನ್ನು ಅಳೆಯುತ್ತಿದ್ದಾರೆ. ಸೂಜಿ ಹಾಕಲು ಬರುತ್ತದೆಯೋ, ಔಷಧಿ ಗೊತ್ತೋ ಅಂತ ಅಲ್ಲ. ಎಲ್ಲರೂ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರೆ ಅನ್ನುವುದನ್ನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡರೋ, ಕೇಳಿಸಿತು ಅಂತ ಬಾಯಿಬಿಟ್ಟು ತಿರುಗಿ ಹೇಳಿದರೋ, ಮುಂದೆ ನಿಂತವರ ಕೈಯಲ್ಲಿ ತಪ್ಪಾದರೆ ಹಿಂದೆ ನಿಂತವರು ತಡೆದರೋ, ಇದಕ್ಕೆಲ್ಲ ಅಂಕ.

"ಹೊಂದಾಣಿಕೆನೂ ಅಳೀತಾರಾ? ಯಾವುದರಲ್ಲಿ, ಸೇರಲ್ಲೋ ಗಜಕಡ್ಡೀಲೋ?"

ಅದಕ್ಕೂ ನಗಲಿಲ್ಲ ಹುಡುಗಿ. ಆಗ ನಾನು ಕಾಯಿ ಬಿಟ್ಟು ಅವಳ ಮುಖ ನೋಡಿದೆ.

ಎರಡು ಸಲ ಅಳೆದಾಗಿದೆ, ಎರಡು ಸಲವೂ ಇವರ ತಂಡಕ್ಕೆ ಕಡಿಮೆ ಬಂದಿದೆ. ಮಂಚದ ಮೇಲೆ ಪ್ಲಾಸ್ಟಿಕ್ ಗೊಂಬೆ ಮಲಗಿಸಿ, ಇದೇ ರೋಗಿ ಅಂದುಕೊಳ್ಳಿ ಅಂದರಂತೆ. ಮಿಕ್ಕಿದ್ದೆಲ್ಲ ಚೆನ್ನಾಗೇ ಆಯಿತು. ಆದರೆ ಡಾಕ್ಟರು ತಪ್ಪು ಹೇಳಿದಾಗ ತಡೆಯಬೇಕಾದ ಕಡೆ ಸೊನ್ನೆ. ತಡೆಯಬೇಕಾಗಿದ್ದವಳು ಮೇಘಶ್ರೀ. ಇನ್ನೊಂದು ಸಲ ಅಳೆಯುತ್ತಾರೆ. ಆಗಲೂ ಹೀಗೇ ಆದರೆ ತಂಡ ಒಡೆಯುವುದು ಅಂತ ಆಸ್ಪತ್ರೆಯ ಯಜಮಾನರು ತೀರ್ಮಾನ ಮಾಡಿದ್ದಾರೆ. ವಾರ್ಡಿನ ಟೆಕ್ನಿಷಿಯನ್ ಕುಮಾರ ಲ್ಯಾಬಿಗೆ, ಇವಳು ಬೇಲೂರಿನಲ್ಲಿ ಇವರದೇ ಸಣ್ಣ ಕ್ಲಿನಿಕ್ಕಿಗೆ, ಶೀತ ಜ್ವರದ ಚೀಟಿ ಕೊಡುವ ಕೆಲಸಕ್ಕೆ. ತಂಡದ ಡಾಕ್ಟರ್ ಶಶಿಧರ್ ಜೊತೆ ಬೇರೆಯವರು ಬರುತ್ತಾರೆ.

"ಬೇಲೂರು ಒಳ್ಳೇ ಊರೇ ಕಣವ್ವ" ಅಂದೆ, ಸಮಾಧಾನಕ್ಕೆ.

"ನಾವು ಮೂರು ಜನ ಸೇರಿ ಎಷ್ಟು ಜನನ್ನ ಎಬ್ಬಿಸಿ ಕಳಿಸಿದೀವಿ ಅಜ್ಜಿ. ನೀವೇ ನೋಡಿದೀರಲ್ಲ" ಅಂದಳು. ಕಣ್ಣು ತುಂಬಿತ್ತು.

ನೋಡಿದ್ದೆ. ಒಮ್ಮೆ ಗೆಂಡೆಹಳ್ಳಿ ಕಡೆಯವನೊಬ್ಬ ನಮ್ಮ ತಾಲ್ಲೂಕಿಗೆ ಕಾಯಿ ಕೀಳಲು ಬಂದು ಮರದಿಂದ ಬಿದ್ದಿದ್ದ. ಲಗೇಜ್ ಆಟೋದಲ್ಲಿ ಗರಿಯ ಮೇಲೆ ಮಲಗಿಸಿಕೊಂಡು ತಂದಿದ್ದರು. ಅವತ್ತು ಆ ಕೋಣೆಯಲ್ಲಿ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ. ಡಾಕ್ಟರು ಕೈ ಚಾಚಿದರೆ ಬೇಕಾದದ್ದು ಕೈಯಲ್ಲಿರುತ್ತಿತ್ತು. ಇವಳು ತಿರುಗುವಷ್ಟರಲ್ಲಿ ಕುಮಾರ ಜಾಗ ಬಿಟ್ಟಿರುತ್ತಿದ್ದ. ಮದುವೆ ಮನೆಯಲ್ಲಿ ಒಬ್ಬಟ್ಟು ತಟ್ಟಲು ಕೂತ ಹೆಂಗಸರು ಹೀಗೇ ಇರುತ್ತಾರೆ. ಒಬ್ಬಳು ಕಣಕ ಹರಡುವ ಹೊತ್ತಿಗೆ ಇನ್ನೊಬ್ಬಳ ಕೈಯಲ್ಲಿ ಹೂರಣದ ಉಂಡೆ ಸಿದ್ಧ. ಆ ಮನುಷ್ಯ ಆಮೇಲೆ ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಹೋದ.

"ಅಷ್ಟೆಲ್ಲ ಮಾಡೋಳಿಗೆ ಒಂದು ಮಾತು ಆಡಕ್ಕೆ ಏನೇ ಬಂತು?"

"ಗೊಂಬೆ ಕೈಲಿ ಏನು ಹೇಳ್ಸೋದು ಅಜ್ಜಿ? ನೀವು ಮಲಗಿದ್ರೆ ನಾನು ನಿಮ್ಮನ್ನ ಕೇಳ್ತೀನಿ. ನೀವು ಹೂಂ ಅಂದ್ರೆ ಸಾಕು. ರೋಗಿಯಾಗಿ ನಿಜವಾದ ಮನುಷ್ಯರೇ ಇರ್ಲಿ ಅಂತ ನಾನೇ ಕೇಳ್ಕೊಂಡಿದೀನಿ, ಅವರೂ ಒಪ್ಪಿದಾರೆ."

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನನಗೆ ತಕ್ಷಣ ಅರ್ಥವಾಯಿತು. ಹೂಂ ಅಂದೆ.

*

ನಾನು ಮದುವೆಯಾಗಿ ಬಂದದ್ದು ಬಾಣಾವರಕ್ಕೆ. ಆ ಮನೆಯಲ್ಲಿ ಸೊಸೆಯಂದಿರು ಮಾವನವರ ಜೊತೆ ಮಾತಾಡುವಂತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳಬೇಕು. "ಎಲೆ ಹಾಕಿದೆ" ಅಂತ ಕಂಬದ ಕಡೆ ಮುಖ ಮಾಡಿ ಅಂದರೆ, ಮಾವನವರು ಯಾರೂ ಏನೂ ಹೇಳದವರ ಹಾಗೆ ಎದ್ದು ಕೈಕಾಲು ತೊಳೆಯಲು ಹೋಗುತ್ತಿದ್ದರು. ಮಗು ಇದ್ದರೆ ಮಗುವಿಗೆ, ಇಲ್ಲದಿದ್ದರೆ ದನಕ್ಕೆ. "ತಾತಂಗೆ ಕಣ್ಣು ಕಾಣ್ಸಲ್ಲ, ದಲ್ಲಾಳಿಗೆ ಕೊಡೋ ದುಡ್ಡು ಎಣಿಸಿದ್ದು ತಪ್ಪಾಗೈತೆ" ಅಂತ ನಮ್ಮ ಎಮ್ಮೆಗೆ ನಾನೇ ಒಂದು ಸಲ ಹೇಳಿದ್ದುಂಟು. ಮಾವನವರು ಮತ್ತೆ ಎಣಿಸಿದರು. ಅವರ ಮಾನಕ್ಕೂ ಕುಂದಾಗಲಿಲ್ಲ, ದಲ್ಲಾಳಿ ಕೈಗೆ ಹೆಚ್ಚು ಹೋಗುವುದೂ ತಪ್ಪಿತು.

ಮನೆಯವರು ತೀರಿಕೊಂಡ ಮೇಲೆ ಮಂಡಿ ಆಸ್ಪತ್ರೆ ಸೇರಿದೆನಲ್ಲ, ಅಲ್ಲಿ ಜಾನಕಮ್ಮ ಸಿಸ್ಟರ್ ಇದ್ದರು. ಎತ್ತರದ ಆಳು. ಅವರು ಓಡಿದ್ದನ್ನು ಯಾರೂ ನೋಡಿಲ್ಲ, ಅವರು ತಡವಾಗಿ ಬಂದದ್ದನ್ನೂ ನೋಡಿಲ್ಲ. ಆಗಿದ್ದ ದೊಡ್ಡ ಡಾಕ್ಟರು ಗುಣದಲ್ಲಿ ದೇವರು, ಕೋಪದಲ್ಲಿ ಮಾತ್ರ ಮಹಾ ದೂರ್ವಾಸರು. ಎದುರಾಡಿದ ನರ್ಸುಗಳು ಸಂಜೆಗೆ ಟ್ರಂಕು ಕಟ್ಟುತ್ತಿದ್ದ ಕಾಲ. ಜಾನಕಮ್ಮ ಅವರಿಗೆ ಒಂದು ದಿನವೂ ಎದುರಾಡಲಿಲ್ಲ. ರೋಗಿಯನ್ನು ಕೇಳುತ್ತಿದ್ದರು.

"ಏನಮ್ಮ, ಹೋದ ಸಲ ಈ ಸೂಜಿ ಹಾಕ್ದಾಗ ಮೈಯೆಲ್ಲ ದದ್ದು ಎದ್ದಿತ್ತು ಅಂದ್ರಲ್ಲ?"

ಆ ಹೆಂಗಸು ಹಾಗೆ ಅಂದೇ ಇರುತ್ತಿರಲಿಲ್ಲ. ಜಾನಕಮ್ಮನೇ ಹಳೆಯ ಚೀಟಿ ನೋಡಿರುತ್ತಿದ್ದರು. ಆದರೆ ಅವರು ಕೇಳುವ ರೀತಿಗೆ ಎಂಥವರೂ ಹೂಂ ಅನ್ನಲೇಬೇಕು. ದೊಡ್ಡ ಡಾಕ್ಟರು ಗಂಟಲು ಸರಿ ಮಾಡಿಕೊಂಡು, "ಮೊದ್ಲೇ ಹೇಳಬಾರದೇನಮ್ಮ" ಅಂತ ರೋಗಿಗೆ ಗದರಿ ಬೇರೆ ಔಷಧಿ ಬರೆಯುತ್ತಿದ್ದರು. ಕೆಲಸ ಆಯಿತು, ಯಾರ ಮುಖವೂ ಸಣ್ಣಗಾಗಲಿಲ್ಲ.

ಹುಚ್ಚಣ್ಣ ಅಂತ ಒಬ್ಬ ಮಾತ್ರ ಕೈಗೆ ಸಿಗಲಿಲ್ಲ. ಸಂತೆಗೆ ಬಂದು ಎದೆನೋವು ಅಂತ ಸೇರಿಕೊಂಡಿದ್ದ. ಜಾನಕಮ್ಮ ಎಂದಿನಂತೆ ಹಳೆಯ ಚೀಟಿ ನೋಡಿಕೊಂಡು, "ಈ ಮಾತ್ರೆ ನುಂಗಿದ್ರೆ ಹೊಟ್ಟೆ ಉರಿ ಬಂದು ರಕ್ತ ಕಕ್ಕಿದ್ದೆ ಅಂದ್ಯಲ್ಲಪ್ಪ?" ಅಂದರು. ಅವನು, "ನಾನ್ಯಾವಾಗ ಅಂದೆ ಕಣವ್ವ? ನಾನು ಮಾತ್ರೆ ಮುಖನೇ ಕಂಡಿಲ್ಲ" ಅಂದ. ಜಾನಕಮ್ಮ ಹೊದಿಕೆಯೊಳಗೆ ಅವನ ಕಾಲಿನ ಹೆಬ್ಬೆರಳು ಹಿಡಿದು ತಿರುವಿದರು. "ಹೌದೌದು, ಅಂದಿದ್ದೆ ಅಂದಿದ್ದೆ" ಅಂತ ಕೂಗಿಕೊಂಡ. ಪಕ್ಕದಲ್ಲಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡು ಆಚೆ ಹೋದೆ.

ರೋಗಿಗೆ ಎಚ್ಚರ ಇಲ್ಲದಿದ್ದರೆ? ಆಗ ನಾನು ಇದ್ದೆನಲ್ಲ. "ಮಹದೇವಮ್ಮ, ಆ ಬಾಟ್ಲಿ ಬೇರೆ ಬಣ್ಣದ್ದಲ್ವಾ?" ಅಂತ ನನ್ನನ್ನು ಕೇಳುತ್ತಿದ್ದರು. ನನಗೆ ಒಂದಕ್ಷರ ಬರುತ್ತಿರಲಿಲ್ಲ, ಬಾಟಲಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಹಾಗೇ ಹೂಂ ಅನ್ನುತ್ತಿದ್ದೆ. ಬರೀ ಹೂಂ ಅಂದರೆ ಸಾಲದು ಅಂತ ಅವರೇ ನನ್ನನ್ನು ಮಠದ ಹಾಸ್ಟೆಲಿನ ಹಿಂದೆ ನಡೆಯುತ್ತಿದ್ದ ರಾತ್ರಿ ಶಾಲೆಗೆ ಸೇರಿಸಿದರು. ಒಟ್ಟಿನಲ್ಲಿ ಬಾಣಾವರದ ಕಂಬಕ್ಕೆ ಮಾತಾಡುತ್ತಿದ್ದವಳು ಅರಸೀಕೆರೆಗೆ ಬಂದು ತಾನೇ ಕಂಬವಾದೆ. ನಿಜ ಹೇಳಬೇಕೆಂದರೆ ನನ್ನ ಜೀವನದ ಒಳ್ಳೆಯ ದಿನಗಳು ಅವೇ. ಆ ಸ್ಪಿರಿಟ್ಟಿನ ವಾಸನೆ, ಸೂಜಿ ಕುದಿಯುವ ಸ್ಟೀಲ್ ಡಬ್ಬಿಯ ಸದ್ದು, ಸಂಜೆ ರೈಲು ಕೂಗಿದಾಗ ಜಾನಕಮ್ಮ ನನ್ನ ಲೋಟಕ್ಕೆ ಅರ್ಧ ಕಾಫಿ ಬಗ್ಗಿಸುವುದು. ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ಇರುತ್ತೇನೆ.

ಮೇಘಶ್ರೀ ಕೆಲಸಕ್ಕೆ ಸೇರಿದಾಗ ಜಾನಕಮ್ಮನಿಗೆ ಕೊನೆಯ ವರ್ಷ. ಹುಡುಗಿ ಅವರ ಬಾಲ ಹಿಡಿದುಕೊಂಡೇ ಕಲಿತಳು. ಕೈಗುಣದ ಜೊತೆಗೆ ಈ ಮಾತಿನ ಗುಣವೂ ಬಂತು. ಶಶಿಧರ್ ಡಾಕ್ಟರು ಯಾರಿಗೂ ಬೈದದ್ದನ್ನು ನಾನು ಕಂಡಿಲ್ಲ. ಆದರೂ ಇವಳು ಅವರಿಗೆ ಹೇಳಬೇಕಾದದ್ದನ್ನೆಲ್ಲ ರೋಗಿಗೇ ಹೇಳುತ್ತಿದ್ದಳು. ಅವರೂ ಅದನ್ನು ಕೇಳಿಸಿಕೊಂಡು ತಿದ್ದಿಕೊಳ್ಳುತ್ತಿದ್ದರು. ಹೀಗೆ ನಡೆದುಕೊಂಡು ಬಂದದ್ದಕ್ಕೆ ಗೊಂಬೆ ಬಂದು ಅಡ್ಡ ಮಲಗಿತು.

*

ಅಳೆಯುವ ದಿನ ಬೆಳಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಹೋದೆ. ರೋಗಿಯಾದರೂ ನಮ್ಮ ಆಸ್ಪತ್ರೆಗೆ ಹೋಗುವುದಲ್ಲವೇ. ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದವಳು ನಯನಾ ಅನ್ನುವ ಹೆಣ್ಣುಮಗಳು, ಅಳೆಯಲು ಬಂದವಳು ಅವಳೇ. ಸಣ್ಣ ವಯಸ್ಸು, ಮೆಲುಮಾತು. ನೀರು ಬೇಕಾ ಅಜ್ಜಿ, ಸೊಂಟಕ್ಕೆ ದಿಂಬು ಬೇಕಾ ಅಂತ ಕೇಳಿದಳು. ಆಮೇಲೆ ನನ್ನ ಪಾತ್ರ ಹೇಳಿಕೊಟ್ಟಳು. ನಾನು ಸಕ್ಕರೆ ಕಾಯಿಲೆಯವಳು. ಬೆಳಗ್ಗೆಯಿಂದ ಹೊಟ್ಟೆಗೆ ಹಾಕದೆ ಮನೆಯಲ್ಲಿ ಬಿದ್ದಿದ್ದೇನೆ. ಪ್ರಜ್ಞೆ ಇಲ್ಲ.

"ಪ್ರಜ್ಞೆ ಇಲ್ವಾ?" ಅಂದೆ.

"ಇಲ್ಲ ಅಜ್ಜಿ. ಯಾರು ಏನು ಕೇಳಿದ್ರೂ ಕಣ್ಣು ಬಿಡಬೇಡಿ. ಹೂಂ ಅಂತಾನೂ ಅನ್ನಬೇಡಿ. ನಿಮ್ಮ ಕೈಲಿ ಆಗುತ್ತಾ?"

ಮೇಘಶ್ರೀಗೆ ಒಂದು ಮಾತು ಮುಟ್ಟಿಸೋಣ ಅಂದರೆ ಅವಳನ್ನು ಹೊರಗೆ ನಿಲ್ಲಿಸಿದ್ದರು. ಆಗಲ್ಲ ಅಂದುಬಿಡಲೇ ಅಂತಲೂ ಬಂತು. ಅಂದರೆ ಮತ್ತೆ ಗೊಂಬೆಯನ್ನು ತರುತ್ತಿದ್ದರು. ಆಗುತ್ತೆ ಅಂದೆ.

ಮಂಚ ತಳ್ಳಿಕೊಂಡು ವಾರ್ಡಿಗೆ ತಂದರು. ಎಷ್ಟೋ ವರ್ಷ ನಾನು ಒರೆಸಿದ ನೆಲ, ಎಷ್ಟೋ ಸಲ ಹಾಸಿಗೆ ಬದಲಿಸಿದ ಮಂಚ. ಮಲಗಿದ್ದು ಮಾತ್ರ ಅವತ್ತೇ. ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೂ ಯಾರ ಹೆಜ್ಜೆ ಯಾವುದು ಅಂತ ತಿಳಿಯುತ್ತಿತ್ತು. ಎಳೆದುಕೊಂಡು ನಡೆಯುವುದು ಕುಮಾರ. ಬೂಟಿನ ಸದ್ದು ಡಾಕ್ಟರದು. ಪಟಪಟ ಬಂದು ಪಕ್ಕದಲ್ಲಿ ನಿಂತದ್ದು ಮೇಘಶ್ರೀ.

ಅವಳು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಕುಮಾರ ನನ್ನ ಬೆರಳಿಗೆ ಚುಚ್ಚಿದ ಹಾಗೆ ಮಾಡಿದ. ಮೂಲೆಯಿಂದ ನಯನಾ, ಸಕ್ಕರೆ ಮೂವತ್ತೆಂಟು ಅಂದಳು. ಸಕ್ಕರೆ ಅಷ್ಟು ಇಳಿದರೆ ಮನುಷ್ಯ ಉಳಿಯುವುದು ಕಷ್ಟ ಅಂತ ಆಯಾಗಳಿಗೂ ಗೊತ್ತು. ಬೇಗ ಗ್ಲೂಕೋಸ್ ಹತ್ತಿಸಬೇಕು. ಕುಮಾರ ಕಲಿಸಿಕೊಟ್ಟಿದ್ದ ಹಾಗೆ ಗಟ್ಟಿಯಾಗಿ, "ಸಕ್ಕರೆ ಮೂವತ್ತೆಂಟು ಸಾರ್" ಅಂದ.

"ಇನ್ಸುಲಿನ್ ಕೊಡಿ" ಅಂದರು ಡಾಕ್ಟರು.

ಇನ್ಸುಲಿನ್ ಅಂದರೆ ಸಕ್ಕರೆಯನ್ನು ಇನ್ನೂ ಇಳಿಸುವುದು. ತಪ್ಪು ಹೇಳಿ ಅಂತ ನಯನಾ ಅವರಿಗೆ ಮೊದಲೇ ಹೇಳಿಕೊಟ್ಟಿದ್ದಳು ಅನ್ನುವುದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ ನನ್ನ ಮಣಿಕಟ್ಟು ಹಿಡಿದಿದ್ದ ಮೇಘಶ್ರೀಯ ಕೈ ಬಿಗಿಯಾದದ್ದು ಗೊತ್ತಾಯಿತು.

"ಅಜ್ಜಿ" ಅಂದಳು, ಕಿವಿಯ ಹತ್ತಿರ ಬಗ್ಗಿ. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ಸಕ್ಕರೆ ಇಳಿದೇ ಬಿದ್ರಿ ಅಲ್ವಾ ಅಜ್ಜಿ?"

ನಾನು ಸುಮ್ಮನಿದ್ದೆ.

"ರೋಗಿಗೆ ಪ್ರಜ್ಞೆ ಇಲ್ಲ" ಅಂತ ನಯನಾಳ ದನಿ ಬಂತು.

ಮೇಘಶ್ರೀ ನನ್ನ ಕೈ ಅದುಮಿದಳು. ಮತ್ತೊಮ್ಮೆ ಅದುಮಿದಳು. ಮಾತು ಕೊಟ್ಟಿದ್ದೀರಲ್ಲ ಅನ್ನುವ ಹಾಗೆ. ಹೂಂ ಅನ್ನುವುದು ನನ್ನ ಗಂಟಲಿಗೆ ಬಂದು ನಿಂತಿತ್ತು. ಅಂದುಬಿಟ್ಟರೆ ಏನಾಗುತ್ತಿತ್ತು? ಮುದುಕಿಗೆ ಆಟ ತಿಳಿಯಲಿಲ್ಲ ಅನ್ನುತ್ತಿದ್ದರು, ಇವಳಿಗೆ ಸ್ವಲ್ಪ ಅಂಕವೂ ಸಿಗುತ್ತಿತ್ತೋ ಏನೋ. ಆದರೆ ಕಣ್ಣು ಮುಚ್ಚಿ ಮಲಗಿದವಳಿಗೆ ಬೇರೆ ಯೋಚನೆ ಬಂತು. ನಿಜವಾಗಿ ಬಿದ್ದು ಬಂದ ಮುದುಕಿ ಎಲ್ಲಿ ಹೂಂ ಅಂತಾಳೆ? ಪಕ್ಕದಲ್ಲಿ ನಿಂತಿರಲು ಆಯಾನೂ ಇಲ್ಲ ಈಗ. ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಆ ಹೊತ್ತಿನಲ್ಲಿ ಈ ಹುಡುಗಿ ಯಾವ ಕಂಬಕ್ಕೆ ಹೇಳಬೇಕು?

ಹಲ್ಲು ಕಚ್ಚಿಕೊಂಡೆ.

ಅವಳು ನನ್ನ ಕೈ ಬಿಟ್ಟಳು. "ಕುಮಾರಣ್ಣ, ಎಷ್ಟು ಅಂದ್ರಿ?" ಅಂದಳು. ಪಾಪ, ಕುಮಾರ "ಮೂವತ್ತೆಂಟು" ಅಂತ ಇನ್ನೂ ಗಟ್ಟಿಯಾಗಿ ಹೇಳಿದ.

"ಕೇಳಿಸ್ತು" ಅಂದರು ಡಾಕ್ಟರು. "ಇನ್ಸುಲಿನ್."

ಮೇಲೆ ಫ್ಯಾನು ತಿರುಗುವುದು ಕೇಳುತ್ತಿತ್ತು. ಟ್ರೇ ಸರಿದ ಸದ್ದಾಯಿತು. ಕೊಟ್ಟೇಬಿಡುತ್ತಾಳೆ, ಬೇಲೂರಿಗೆ ಹೋಗುತ್ತಾಳೆ ಅಂದುಕೊಂಡೆ. ನನ್ನ ಮುಚ್ಚಿದ ಕಣ್ಣಿನ ಒಳಗೇ ನೀರು ಬಂತು. ಪ್ರಜ್ಞೆ ಇಲ್ಲದವಳ ಕಣ್ಣಲ್ಲಿ ನೀರು ಬರಬಹುದೋ ಇಲ್ಲವೋ, ಅದನ್ನು ನಯನಾ ಹೇಳಿರಲಿಲ್ಲ.

"ಸಾರ್."

ಯಾರ ದನಿ ಅಂತ ಒಂದು ಗಳಿಗೆ ನನಗೇ ತಿಳಿಯಲಿಲ್ಲ.

"ಸಾರ್, ಇನ್ಸುಲಿನ್ ಬೇಡ. ಸಕ್ಕರೆ ಮೂವತ್ತೆಂಟೇ ಐತೆ. ಇನ್ಸುಲಿನ್ ಕೊಟ್ರೆ ಅಜ್ಜಿ ಉಳಿಯಲ್ಲ. ನಾನು ಕೊಡಲ್ಲ ಸಾರ್. ಗ್ಲೂಕೋಸ್ ಹತ್ತಿಸ್ತೀನಿ."

ಆಸ್ಪತ್ರೆ ಸೇರಿದಾಗಿನಿಂದ 'ಐತೆ' ಬಿಟ್ಟು 'ಇದೆ' ಅಂತ ಮಾತಾಡುತ್ತಿದ್ದ ಹುಡುಗಿ. ಆ ಹೊತ್ತಿಗೆ ಊರಿನ ಮಾತೇ ಬಂದುಬಿಟ್ಟಿತ್ತು.

"ಸರಿ" ಅಂದರು ಡಾಕ್ಟರು. ಅವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. "ಗ್ಲೂಕೋಸ್ ಹತ್ತಿಸಿ."

"ಗ್ಲೂಕೋಸ್ ಹತ್ತಿಸ್ತಾ ಇದೀನಿ ಸಾರ್."

*

ನನ್ನನ್ನು ಎಬ್ಬಿಸಿ ಕೂರಿಸಿದಾಗ ಮೇಘಶ್ರೀ ನನ್ನ ಮುಖ ನೋಡಲಿಲ್ಲ. ಟ್ರೇಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದು ಇಟ್ಟಳು, ಆಮೇಲೆ ಅಂದಳು:

"ಕೈ ಕೊಟ್ಬಿಟ್ರಲ್ಲ ಅಜ್ಜಿ."

"ಪ್ರಜ್ಞೆ ಇರ್ಲಿಲ್ಲ ಕಣವ್ವ" ಅಂದೆ.

ಅದಕ್ಕೆ ನಗುವೂ ಬಂತು ಅಳುವೂ ಬಂತು ಅವಳಿಗೆ. ಎರಡೂ ಒಟ್ಟಿಗೇ ಬಂದು, ನನ್ನ ಒಳ್ಳೆಯ ಸೀರೆಯ ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ನಯನಾ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಹೇಳಿದಳು. ಹೋದ ಎರಡು ಸಲದ ವಿಡಿಯೋ ಹಾಕಿ ನೋಡಿದಾಗ ಅವಳಿಗೆ ಒಂದು ವಿಷಯ ಕಂಡಿತ್ತಂತೆ. ಮೇಘಶ್ರೀ ಸುಮ್ಮನೆ ನಿಂತಿರಲಿಲ್ಲ, ಗೊಂಬೆಯ ಜೊತೆ ಮಾತಾಡುತ್ತಿದ್ದಳು. ತಪ್ಪು ಅವಳ ಕಣ್ಣಿಗೆ ಬೀಳುತ್ತಿತ್ತು, ಆದರೆ ಮಾತು ಹೋಗಬೇಕಾದ ಕಡೆ ಹೋಗುತ್ತಿರಲಿಲ್ಲ. ಅದಕ್ಕೇ ಈ ಸಲ ಪ್ರಜ್ಞೆ ಇಲ್ಲದ ರೋಗಿ. ತಡೆದದ್ದಕ್ಕೆ ಅಂಕ ಬಂತು, ತಡವಾಯಿತು ಅಂತ ಅದರಲ್ಲಿ ಸ್ವಲ್ಪ ಹೋಯಿತು. ಒಟ್ಟಿನಲ್ಲಿ ಪಾಸು. ತಂಡ ಒಡೆಯುವುದಿಲ್ಲ. ಕುಮಾರ ಎದ್ದುಹೋಗಿ ಎಲ್ಲರಿಗೂ ಕಾಫಿ ತಂದ. ಎರಡು ಸಲ ತಪ್ಪು ಹೇಳುವಷ್ಟರಲ್ಲಿ ತಮ್ಮ ಬೆನ್ನೆಲ್ಲ ಬೆವರಿತ್ತು ಅಂದರು ಡಾಕ್ಟರು. ಇನ್ನೊಂದು ಗಳಿಗೆ ತಡವಾಗಿದ್ದರೆ ತಾವೇ ಬೇಡ ಅಂದುಬಿಡುತ್ತಿದ್ದರಂತೆ. ಮೇಘಶ್ರೀ ಅವರ ಮುಖ ನೋಡಿಯೇ, "ಹಂಗಂದಿದ್ರೆ ನಮ್ಮ ಅಂಕ ಹೋಗೋದು ಸಾರ್" ಅಂದಳು.

ನನ್ನ ಕಡೆ ತಿರುಗಿ ಹೇಳಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಸಂತೋಷವೇ ಆಯಿತು. ಆದರೂ ಖಾಲಿ ಲೋಟವನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

*

ಇದನ್ನು ಜಾನಕಮ್ಮನಿಗೆ ಹೇಳದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಅವರು ಈಗ ಬಸ್ತಿಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಮರುದಿನವೇ ಜಾವಗಲ್ ಮೇಲಿನ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದು, ಬಸದಿ ದಾಟಿ ನಡೆದೆ. ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಕಣ್ಣು ಮಂಜಾಗಿದೆ, ಆದರೆ ಬೆನ್ನು ಇನ್ನೂ ನೆಟ್ಟಗಿದೆ. ನನ್ನ ಹೆಜ್ಜೆ ಕೇಳಿಯೇ, "ಬಾ ಮಹದೇವಮ್ಮ" ಅಂದರು.

ಎಲ್ಲ ಹೇಳಿದೆ. ಹುಡುಗಿ ಅವರದೇ ದಾರಿ ಹಿಡಿದು ಕೆಟ್ಟಳು ಅಂತ ಬೇಸರವಾಗುತ್ತದೋ ಅಂತ ನಿಧಾನವಾಗಿ, ಸುತ್ತಿ ಬಳಸಿ ಹೇಳಿದೆ. ಮುಗಿದ ಮೇಲೆ ಕೇಳಿದರು:

"ಡಾಕ್ಟ್ರು ಏನಂದ್ರು?"

"ಸರಿ ಅಂದ್ರು."

"ಬೈಲಿಲ್ವಾ?"

"ಇಲ್ಲ."

"ಮುಖ ಗಂಟು ಹಾಕ್ಕೊಂಡಿರ್ಬೇಕು."

"ನಾನು ಕಣ್ಣು ಮುಚ್ಕೊಂಡಿದ್ನಲ್ಲ ಸಿಸ್ಟರ್, ನೋಡ್ಲಿಲ್ಲ. ಆದ್ರೆ ದನಿ ಚೆನ್ನಾಗೇ ಇತ್ತು."

ಹುಡುಗಿ ಅಂದದ್ದನ್ನು ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಹಾಗಲ್ಲ, ಅವಳು ಹೇಗೆ ಅಂದಳೋ ಹಾಗೇ ಹೇಳು ಅಂದರು. ಆಗ ನಾನು ಸ್ವಲ್ಪ ಗಟ್ಟಿಯಾಗಿ, ಅವಳ ಹಾಗೇ ಹೇಳಿ ತೋರಿಸಿದೆ. ಜಾನಕಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಂಗಳದ ಕಡೆ ನೋಡುತ್ತಾ ಇದ್ದರು. ನಿದ್ದೆ ಬಂತೇನೋ ಅಂದುಕೊಂಡೆ.

"ಸಾರ್, ಅದು ಬೇಡ" ಅಂದರು. ಬಹಳ ಸಣ್ಣ ದನಿ. ನನಗೆ ಹೇಳಿದ್ದಲ್ಲ. ಎದುರಿಗೆ ಯಾರೂ ಇರಲಿಲ್ಲ.

ಕತ್ತು ಸ್ವಲ್ಪ ಮೇಲೆತ್ತಿ, ಇನ್ನೊಂದು ಸಲ, ಈ ಸಲ ಜೋರಾಗಿ ಅಂದರು:

"ಸಾರ್, ಅದು ಬೇಡ."

ಒಳಗಿನಿಂದ ಸೊಸೆ, "ಯಾರಿಗೆ ಹೇಳ್ತಿದೀರಾ ಅತ್ತೆ?" ಅಂತ ಕೂಗಿ ಕೇಳಿದಳು.

"ನಿನಗಲ್ಲ ಕಣೆ" ಅಂದರು ಜಾನಕಮ್ಮ. "ಮಹದೇವಮ್ಮ ಬಂದವಳೆ, ಕಾಫಿ ಇಡು."